ತಿಂಗಳ ಕಿರಾಣಿಯ ಲೆಕ್ಕ



ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಪಕ್ಕದ ಮರಾಠಿ ಮನೆಯ ಅಜ್ಜಿಯೂ ‘ಅಂಥರೂಣ ಪಾಹೂನ ಪಾಯ ಪಸರಾವೇ’ ಎಂದು ಅದನ್ನೇ ಹೇಳುತ್ತಾಳೆ. ಎರಡೂ ಭಾಷೆ ಹೇಳುವ ಬುದ್ಧಿ ಒಂದೇ. ಆದರೆ ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ನಮ್ಮ ಹಳ್ಳಿಗಳಲ್ಲಿ ಒಂದು ತೊಡಕಿದೆ. ನಮ್ಮ ಹಾಸಿಗೆ ಎಲ್ಲ ತಿಂಗಳೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ತೊಗರಿ ಮಾರಿದ ತಿಂಗಳು ಅದು ಉದ್ದ, ಮಳೆ ತಪ್ಪಿದ ತಿಂಗಳು ಗಿಡ್ಡ. ಕೂಲಿಯ ರೊಕ್ಕ ವಾರಕ್ಕೊಮ್ಮೆ ಬರುತ್ತದೆ, ಡೇರಿಯ ಹಾಲಿನ ರೊಕ್ಕ ಹತ್ತು ದಿನಕ್ಕೊಮ್ಮೆ ಬರುತ್ತದೆ, ಬೆಳೆಯ ರೊಕ್ಕ ವರುಷಕ್ಕೊಮ್ಮೆ ಬರುತ್ತದೆ. ಹೊಟ್ಟೆ ಮಾತ್ರ ದಿನಕ್ಕೆರಡು ಸಲ ಕೇಳುತ್ತದೆ. ಇಂಥ ಮನೆಯಲ್ಲಿ ತಿಂಗಳ ಕಿರಾಣಿಯನ್ನು ಒಂದು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಪಟ್ಟಣದ ನೌಕರದಾರರಿಗಾಗಿ ಬರೆದ ಬಜೆಟ್ಟಿನ ಪುಸ್ತಕಗಳು ಬಹಳ ಇವೆ. ಒಂದನೆಯ ತಾರೀಖಿಗೆ ಪಗಾರ ಬಂತು, ಅದನ್ನು ಪಾಲು ಮಾಡಿ ಲಕೋಟೆಯಲ್ಲಿ ಇಡಿ ಎಂದು ಅವು ಹೇಳುತ್ತವೆ. ಪಗಾರವೇ ಇಲ್ಲದ ಮನೆಗೆ ಆ ಮಾತು ಒಗ್ಗುವುದಿಲ್ಲ. ಹಾಗೆಂದು ನಮಗೆ ಲೆಕ್ಕ ಬೇಡವೆಂದಲ್ಲ, ನಮಗೆ ಬೇಕಾದ ಲೆಕ್ಕದ ರೀತಿ ಬೇರೆ. ಕೇಂದ್ರ ಸರಕಾರ 2023-24ರಲ್ಲಿ ನಡೆಸಿದ ಗೃಹ ವೆಚ್ಚದ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ಒಬ್ಬ ಮನುಷ್ಯನ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ. ಅದರಲ್ಲಿ ನೂರಕ್ಕೆ 47 ರೂಪಾಯಿ ಊಟ ತಿನಿಸಿಗೇ ಹೋಗುತ್ತದೆ. ಪಟ್ಟಣದಲ್ಲಿ ಈ ಪಾಲು ನೂರಕ್ಕೆ ಸುಮಾರು 40. ಎಂದರೆ, ನಮ್ಮ ಮನೆಗಳಲ್ಲಿ ಹೊರಹೋಗುವ ದುಡ್ಡಿನ ಹತ್ತಿರ ಹತ್ತಿರ ಅರ್ಧ ಅಡುಗೆಮನೆಯ ದಾರಿಯಲ್ಲಿಯೇ ಹೋಗುತ್ತದೆ. ಮಕ್ಕಳ ಶಾಲೆ, ಔಷಧ, ಬಟ್ಟೆ ಇವೆಲ್ಲ ನಿಲ್ಲುವುದು ಉಳಿದ ಅರ್ಧದ ಮೇಲೆ. ಆದ್ದರಿಂದ ಅಡುಗೆಮನೆಯ ಲೆಕ್ಕವೆಂದರೆ ಇಡೀ ಮನೆಯ ಲೆಕ್ಕ.

ಮೊದಲು ಉದ್ರಿಯ ಮಾತನ್ನು ಆಡೋಣ. ನಮ್ಮ ಊರುಗಳ ಕಿರಾಣಿ ಅಂಗಡಿಯಲ್ಲಿ ಕೇಳಿಬರುವ ಮಾತು ನಿಮಗೆಲ್ಲ ಗೊತ್ತಿದೆ. “ಅಕ್ಕಾರ, ಬರಕೊಳ್ಳಲೇನ್ರಿ?” “ಹೂಂ, ಬರಕೋರಿ ಸಾವಕಾರ.” ಇಷ್ಟೇ ಮಾತು. ಸಾಮಾನು ಚೀಲಕ್ಕೆ ಬೀಳುತ್ತದೆ, ಅಂಕಿ ವಹಿಗೆ ಬೀಳುತ್ತದೆ. ಬಡ್ಡಿಯ ಮಾತೇ ಬರುವುದಿಲ್ಲ. ಆದರೆ ಬಡ್ಡಿ ಇಲ್ಲವೇ? ಇದೆ. ಅದು ದರದೊಳಗೆ ಅಡಗಿ ಕುಳಿತಿದೆ. ರೊಕ್ಕ ಎಣಿಸಿ ಕೊಡುವವಳು ‘ಸಕ್ಕರೆ ಹ್ಯಾಂಗ ಕೊಟ್ಟಿರಿ?’ ಎಂದು ಕೇಳುತ್ತಾಳೆ, ಜಾಸ್ತಿ ಎನಿಸಿದರೆ ಮುಂದಿನ ಅಂಗಡಿಗೆ ಹೋಗುತ್ತಾಳೆ. ಉದ್ರಿ ತರುವವಳಿಗೆ ಕೇಳುವ ಬಾಯಿಲ್ಲ, ಮುಂದಿನ ಅಂಗಡಿಗೆ ಹೋಗುವ ಕಾಲೂ ಇಲ್ಲ. ಹಳೆ ಬಾಕಿ ಅವಳನ್ನು ಅದೇ ಕಟ್ಟೆಗೆ ಕಟ್ಟಿ ಹಾಕಿದೆ.

ಒಂದು ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 1,700 ರೂಪಾಯಿಯ ಸಾಮಾನು ಉದ್ರಿಯಲ್ಲಿ ಬರುತ್ತದೆ ಎಂದುಕೊಳ್ಳಿ. ಉದ್ರಿಯ ದರ ರೋಖಿನ ದರಕ್ಕಿಂತ ನೂರಕ್ಕೆ ಐದೇ ರೂಪಾಯಿ ಹೆಚ್ಚು ಎಂದುಕೊಳ್ಳಿ. ತಿಂಗಳಿಗೆ 85 ರೂಪಾಯಿ ಆಯಿತು, ವರುಷಕ್ಕೆ 1,020 ರೂಪಾಯಿ. ಸಕ್ಕರೆ ಕಿಲೋಕ್ಕೆ 45 ರೂಪಾಯಿ ಎಂದು ಹಿಡಿದರೆ ಇದು ಇಪ್ಪತ್ತೆರಡು ಕಿಲೋ ಸಕ್ಕರೆಯ ಬೆಲೆ. ಐದು ಜನರ ಮನೆಗೆ ಏಳು ತಿಂಗಳಿಗೂ ಹೆಚ್ಚು ಸಾಲುವ ಸಕ್ಕರೆ. ನಾವು ತಿನ್ನದೇ ಹೋದ ಸಕ್ಕರೆ ಅದು.

ಇದರಲ್ಲಿ ಅಂಗಡಿಯವರನ್ನು ದೂರುವ ಕಾರಣವಿಲ್ಲ. ಅವರೂ ಸೋಲಾಪುರದಿಂದಲೋ ದುಧನಿಯಿಂದಲೋ ಠೋಕ ವ್ಯಾಪಾರಿಯ ಕಡೆ ಉದ್ರಿಯಲ್ಲಿಯೇ ಮಾಲು ತಂದಿರುತ್ತಾರೆ. ನಡುರಾತ್ರಿ ಕೂಸಿಗೆ ಜ್ವರ ಬಂದಾಗ, ಮನೆಯಲ್ಲಿ ಸಾವು ಆದಾಗ ಬಾಗಿಲು ತೆಗೆಯುವವರೂ ಅವರೇ. ಉದ್ರಿ ಆಪತ್ತಿಗೆ ಇರಲಿ. ಪ್ರತಿ ತಿಂಗಳ ಉಪ್ಪು ಎಣ್ಣೆಗೆ ಅದು ರೂಢಿಯಾಗುವುದು ಬೇಡ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಎಲ್ಲಿಂದ ಪ್ರಾರಂಭಿಸಬೇಕು? ಕಡಿಮೆ ಮಾಡುವುದರಿಂದ ಅಲ್ಲ, ಅಳೆಯುವುದರಿಂದ. ನಮ್ಮ ಮನೆಗೆ ತಿಂಗಳಿಗೆ ಏನು ಎಷ್ಟು ಬೇಕು ಎಂಬುದು ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ಒಂದು ತಿಂಗಳ ಮಟ್ಟಿಗೆ ಏನನ್ನೂ ಬದಲಿಸಬೇಡಿ. ಒಂದು ಹಳೆಯ ವಹಿಯಲ್ಲಿ ಬರೆಯುತ್ತಾ ಹೋಗಿ, ಅಷ್ಟೇ. ಕನ್ನಡದಲ್ಲಿ ಬರೆಯಿರಿ, ಮರಾಠಿಯಲ್ಲಿ ಬರೆಯಿರಿ, ಶಾಲೆಗೆ ಹೋಗುವ ಮಗಳಿಂದ ಬರೆಸಿರಿ. ಯಾವ ಲಿಪಿಯಾದರೂ ಲೆಕ್ಕ ಒಂದೇ.

ಐದು ಜನರ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಒಂದು ಕಿಲೋ ಜೋಳದ ಹಿಟ್ಟಿಗೆ ಹತ್ತು ಹನ್ನೆರಡು ರೊಟ್ಟಿ ಬರುತ್ತವೆ. ದಿನಕ್ಕೆ ಹದಿನಾರು ಹದಿನೇಳು ರೊಟ್ಟಿ ಎಂದರೆ ಒಂದೂವರೆ ಕಿಲೋ ಧಾನ್ಯ, ತಿಂಗಳಿಗೆ 45 ಕಿಲೋ. ಬೇಳೆಕಾಳು ದಿನಕ್ಕೆ 150 ಗ್ರಾಂ ಎಂದರೆ ತಿಂಗಳಿಗೆ ನಾಲ್ಕೂವರೆ ಕಿಲೋ. ಎಣ್ಣೆ ತಲೆಗೆ ಅರ್ಧ ಕಿಲೋದಂತೆ ಎರಡೂವರೆ ಕಿಲೋ. ಉಪ್ಪು ಮನುಷ್ಯನಿಗೆ ದಿನಕ್ಕೆ ಐದು ಗ್ರಾಂ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಆ ಲೆಕ್ಕದಲ್ಲಿ ಇಡೀ ಮನೆಗೆ ತಿಂಗಳಿಗೆ ಮುಕ್ಕಾಲು ಕಿಲೋ ಸಾಕು. ನಿಮ್ಮ ವಹಿಯ ಅಂಕಿ ಇದಕ್ಕಿಂತ ಬೇರೆ ಇರಬಹುದು. ಹೊಲದಲ್ಲಿ ದುಡಿಯುವ ಗಂಡಾಳು ಇದ್ದರೆ ರೊಟ್ಟಿ ಹೆಚ್ಚು ಬೇಕು. ಆದರೆ ಎಣ್ಣೆ ಐದು ಕಿಲೋ ಎಂದು ಬಂದರೆ, ಉಪ್ಪು ಎರಡು ಕಿಲೋ ಎಂದು ಬಂದರೆ, ಅಲ್ಲಿ ನಿಂತು ವಿಚಾರ ಮಾಡಬೇಕಾದದ್ದು ದುಡ್ಡಿಗಾಗಿ ಅಷ್ಟೇ ಅಲ್ಲ, ಆರೋಗ್ಯಕ್ಕಾಗಿಯೂ ಹೌದು.

ಅಳೆದ ಮೇಲೆ ಸಾಮಾನನ್ನು ಮೂರು ರಾಶಿ ಮಾಡಿ. ವರುಷದ ಸಾಮಾನು, ತಿಂಗಳ ಸಾಮಾನು, ವಾರದ ಸಾಮಾನು. ಈ ಮೂರಕ್ಕೂ ಮೂರು ಬಗೆಯ ರೊಕ್ಕವನ್ನು ಜೋಡಿಸಿ. ಬೆಳೆಯ ರೊಕ್ಕ ವರುಷದ ಸಾಮಾನಿಗೆ, ಹಾಲಿನ ರೊಕ್ಕ ತಿಂಗಳ ಸಾಮಾನಿಗೆ, ಕೂಲಿಯ ರೊಕ್ಕ ವಾರದ ಸಂತೆಗೆ. ಇಂದಿನ ಮಾತಿನಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕೂಲಿಯ ರೊಕ್ಕದಲ್ಲಿ ವರುಷದ ಜೋಳ ಕೊಳ್ಳಲು ಹೋದರೆ ವಾರ ವಾರ ಸೇರು ಸೇರು ತರಬೇಕಾಗುತ್ತದೆ, ದುಬಾರಿಯಾಗುತ್ತದೆ. ಬೆಳೆಯ ರೊಕ್ಕ ಕೈಯಲ್ಲಿದೆಯೆಂದು ಸಂತೆಯಲ್ಲಿ ಕೈ ಬಿಚ್ಚಿದರೆ ಎರಡು ತಿಂಗಳಲ್ಲಿ ಕರಗಿ ಹೋಗುತ್ತದೆ.

ವರುಷದ ಸಾಮಾನು ಯಾವುದು? ಜೋಳ, ತೊಗರಿ, ಮೆಣಸಿನಕಾಯಿ, ಹುಣಸೆಹಣ್ಣು. ಹಿಂಗಾರಿ ಜೋಳದ ರಾಶಿ ಫೆಬ್ರುವರಿ ಮಾರ್ಚಿನಲ್ಲಿ ಆಗುತ್ತದೆ. ತೊಗರಿ ಡಿಸೆಂಬರ್ ಜನವರಿಯಲ್ಲಿ ಬರುತ್ತದೆ. ಮೆಣಸಿನಕಾಯಿ ಬೇಸಿಗೆಯ ಮೊದಲಲ್ಲಿ. ರಾಶಿಯ ಕಾಲಕ್ಕೆ ಮಾಲು ಹೆಚ್ಚು, ದರ ಇಳಿಮುಖ. ಶ್ರಾವಣ ಭಾದ್ರಪದದ ಹೊತ್ತಿಗೆ ಅದೇ ಮಾಲು ಏರಿ ಕುಳಿತಿರುತ್ತದೆ. ಹೊಲವಿದ್ದವರು ಇರುವುದನ್ನೆಲ್ಲ ಮಾರಿ ಮುಂದೆ ಅದನ್ನೇ ಅಂಗಡಿಯಿಂದ ತರುವುದು ನಮ್ಮ ಊರುಗಳಲ್ಲಿ ಕಾಣುವ ಸಂಗತಿ. ಮನೆಗೆ ಬೇಕಾದ ತೊಗರಿಯನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ದುಧನಿಯ ಅಡತಿಗೆ ಕಳಿಸಿರಿ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕಿಲೋ ಬೇಳೆ ಬರುತ್ತದೆ, ಹೊಟ್ಟು ನುಚ್ಚು ದನಕ್ಕಾಗುತ್ತದೆ. ನಮ್ಮ ಉದಾಹರಣೆಯ ಮನೆಗೆ ವರುಷಕ್ಕೆ ಬೇಕಾದದ್ದು 54 ಕಿಲೋ ಬೇಳೆಕಾಳು ಮಾತ್ರ.

ಹೊಲವಿಲ್ಲದವರು ರಾಶಿಯ ಕಾಲಕ್ಕೆ ಒಕ್ಕಲಿಗರ ಕಡೆಯಿಂದಲೇ ನೇರ ಕೊಳ್ಳಬಹುದು. ಸುಗ್ಗಿಯ ಕೂಲಿಯನ್ನು ರೊಕ್ಕದ ಬದಲು ಮಾಲದಂಡಿ ಜೋಳದ ರೂಪದಲ್ಲಿ ಪಡೆಯುವ ರೂಢಿ ಇರುವ ಕಡೆ, ಆ ಜೋಳವನ್ನು ಮಾರದೆ ಇಟ್ಟುಕೊಳ್ಳುವುದು ಲಾಭ. ಇಡುವಾಗ ಜಾಗ್ರತೆ ಬೇಕು. ಹಿಂದಿನವರ ಹಗೇವು ಈಗ ಹೆಚ್ಚಿನ ಮನೆಗಳಲ್ಲಿ ಮುಚ್ಚಿಹೋಗಿವೆ. ತಗಡಿನ ಕಣಜ ಇದ್ದರೆ ಚಲೋ. ಎರಡು ಮೂರು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಆರಿದ ಮೇಲೆ, ಒಣಗಿದ ಬೇವಿನ ಎಲೆ ಸೇರಿಸಿ ತುಂಬಿರಿ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಹುಳು ಬೀಳುತ್ತದೆ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಡಿ. ಹುಳು ತಿಂದ ಕಾಳೂ ನಮ್ಮ ಲೆಕ್ಕದಲ್ಲಿ ಖರ್ಚೇ.

ಇನ್ನು ರೇಶನ್ನಿನ ಮಾತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯದೆಯ ಪ್ರಕಾರ ಪ್ರಾಧಾನ್ಯ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ ಐದು ಕಿಲೋ ಧಾನ್ಯದ ಹಕ್ಕಿದೆ. ಅಂತ್ಯೋದಯದ ಮನೆಗೆ ಒಟ್ಟು 35 ಕಿಲೋ. 2023ರ ಜನವರಿಯಿಂದ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. 2024ರ ಜನವರಿಯಿಂದ ಮುಂದೆ ಐದು ವರುಷ ಇದು ಹೀಗೆಯೇ ನಡೆಯುವುದೆಂದು ಸರಕಾರ ನಿರ್ಣಯಿಸಿದೆ. ನಮ್ಮ ಐದು ಜನರ ಮನೆಗೆ 25 ಕಿಲೋ ಬಂತೆಂದರೆ, 45 ಕಿಲೋದಲ್ಲಿ ಕೊಳ್ಳಬೇಕಾದದ್ದು 20 ಕಿಲೋ ಜೋಳ ಮಾತ್ರ.

ಇಲ್ಲಿ ಗಡಿಯ ಜನರಾದ ನಾವು ಒಂದು ವಿಷಯವನ್ನು ಗಮನಿಸಬೇಕು. ನಮ್ಮ ಸೊಸೆಯಂದಿರು ಇಂಡಿ, ಅಫಜಲಪುರ, ವಿಜಯಪುರದ ಕಡೆಯಿಂದ ಬರುತ್ತಾರೆ, ನಮ್ಮ ಹೆಣ್ಣುಮಕ್ಕಳು ಆ ಕಡೆ ಹೋಗುತ್ತಾರೆ. ಮದುವೆಯಾಗುತ್ತದೆ, ಹೆಸರು ಮಾತ್ರ ತವರಿನ ಕಾರ್ಡಿನಲ್ಲಿಯೇ ಉಳಿಯುತ್ತದೆ. ಅಲ್ಲಿ ಹೆಸರು ತೆಗೆಸಿದ ದಾಖಲೆ ಇಲ್ಲದೆ ಇಲ್ಲಿ ಸೇರಿಸಿಕೊಳ್ಳುವುದಿಲ್ಲ. ಒಂದು ಹೆಸರು ಬಿಟ್ಟುಹೋದರೆ ವರುಷಕ್ಕೆ 60 ಕಿಲೋ ಧಾನ್ಯ ಹೋಯಿತು. ಇನ್ನೊಂದು ತೊಡಕು ಹೆಸರಿನ ಬರಹದ್ದು. ಆಧಾರದಲ್ಲಿ ಒಂದು ರೀತಿ, ರೇಶನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಮಲ್ಲವ್ವ ಎಂಬ ಹೆಸರು ಮರಾಠಿಯಲ್ಲಿ ಬರೆಯುವಾಗ ಒಂದು ಬಗೆ, ಇಂಗ್ಲಿಷಿನಲ್ಲಿ ಬರೆಯುವಾಗ ಮತ್ತೊಂದು ಬಗೆ ಆಗುತ್ತದೆ. ಸೊಸೆ ಬಂದ ವರುಷವೇ, ಕೂಸು ಹುಟ್ಟಿದ ವರುಷವೇ ಈ ಕಾಗದ ಸರಿ ಮಾಡಿಸಿಕೊಳ್ಳಿ. ಕಬ್ಬು ಕಡಿಯಲು ಊರು ಬಿಟ್ಟು ಹೋಗುವವರು ನೆನಪಿಡಬೇಕಾದದ್ದು ಇನ್ನೊಂದಿದೆ. ‘ಒಂದು ದೇಶ, ಒಂದು ರೇಶನ್ ಕಾರ್ಡು’ ಯೋಜನೆಯಿಂದಾಗಿ ನಿಮ್ಮ ಪಾಲಿನ ಧಾನ್ಯವನ್ನು ಬೇರೆ ಜಿಲ್ಲೆಯಲ್ಲಿ, ಬೇರೆ ರಾಜ್ಯದಲ್ಲಿ ಕೂಡ ಬೆರಳು ಒತ್ತಿ ಪಡೆಯಬಹುದು. ಮುದುಕರು ಊರಲ್ಲಿ ಉಳಿದಿದ್ದರೆ ಅವರ ಪಾಲು ಅವರು ಇಲ್ಲಿ ತೆಗೆದುಕೊಳ್ಳಲಿ.

ತಿಂಗಳ ಸಾಮಾನಿಗೆ ಬರೋಣ. ಎಣ್ಣೆ, ಸಕ್ಕರೆ, ಬೆಲ್ಲ, ಚಹಾಪುಡಿ, ಶೇಂಗಾ, ಉಪ್ಪು, ಸಾಸಿವೆ, ಅರಿಶಿಣ, ಸಾಬೂನು. ಇದನ್ನು ತಿಂಗಳಿಗೆ ಒಂದೇ ಸಲ, ಯಾದಿ ಬರೆದುಕೊಂಡು, ರೋಖು ಕೊಟ್ಟು ತರಬೇಕು. ಮನೆಯಲ್ಲಿ ಡಬ್ಬಿ ನೋಡಿ ಯಾದಿ ಬರೆಯಿರಿ, ಅಂಗಡಿಯಲ್ಲಿ ನಿಂತು ನೆನಪು ಮಾಡಿಕೊಳ್ಳಬೇಡಿ. ಅಂಗಡಿಯಲ್ಲಿ ನೆನಪಾಗುವುದೆಲ್ಲ ಬೇಕೆನಿಸುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ನಾಲ್ಕು. ಒಂದು, ತೂಕ. ಎಣ್ಣೆಯ ಪೊಟ್ಟಣ ನೋಡಲು ಒಂದೇ ಅಳತೆ, ಒಂದರಲ್ಲಿ ಒಂದು ಲೀಟರ್, ಇನ್ನೊಂದರಲ್ಲಿ ಅದಕ್ಕಿಂತ ಕಡಿಮೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ, ಕಿಲೋ ಅಲ್ಲ. ಕಿಲೋದ ದರ ಲೀಟರಿನ ದರ ಬೇರೆ ಬೇರೆ ಎಂಬುದು ನೆನಪಿರಲಿ. ಎರಡು, ಪೊಟ್ಟಣದ ಮೇಲಿನ ದರ. ಅಲ್ಲಿ ಅಚ್ಚಾಗಿರುವುದು ಅತಿ ಹೆಚ್ಚಿನ ದರ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಕಡಿಮೆಗೆ ಕೊಡಲು ಯಾವ ಅಡ್ಡಿಯೂ ಇಲ್ಲ, ಕೇಳಲು ನಾಚಿಕೆ ಬೇಡ. ಈಗಿನ ನಿಯಮದಂತೆ ಒಂದು ಗ್ರಾಮಿಗೆ, ಒಂದು ಕಿಲೋಕ್ಕೆ ಎಷ್ಟು ಬೀಳುತ್ತದೆ ಎಂಬುದನ್ನೂ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಶಾಲೆಯ ಮಕ್ಕಳಿಂದ ಓದಿಸಿ, ದೊಡ್ಡ ಪೊಟ್ಟಣ ಅಗ್ಗವೋ ಸಣ್ಣದು ಅಗ್ಗವೋ ತಿಳಿಯುತ್ತದೆ. ಮೂರು, ಬಿಡಿ ಮಾಲು. 2022ರ ಜುಲೈ 18ರಿಂದ, 25 ಕಿಲೋವರೆಗಿನ ಕಟ್ಟಿದ, ಲೇಬಲ್ ಹಚ್ಚಿದ ಧಾನ್ಯ, ಬೇಳೆ, ಹಿಟ್ಟಿನ ಮೇಲೆ ನೂರಕ್ಕೆ ಐದರಂತೆ ಜಿಎಸ್‌ಟಿ ಇದೆ. ಚೀಲದಿಂದ ತೂಗಿ ಕೊಡುವ ಬಿಡಿ ಧಾನ್ಯಕ್ಕೆ ಆ ತೆರಿಗೆ ಇಲ್ಲ. ಸ್ವಚ್ಛ ಮಾಡಿಕೊಳ್ಳುವ ಕೈ ಮನೆಯಲ್ಲಿದ್ದರೆ ಬಿಡಿ ಮಾಲೇ ಲೇಸು. ಇನ್ನೊಂದು ಕಡೆ, ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಹಲ್ಲಿನ ಪೇಸ್ಟು ಇವುಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 18ರಿಂದ 5ಕ್ಕೆ ಇಳಿಸಿದ್ದಾರೆ. ಹಳೆಯ ದರವೇ ನಡೆಯುತ್ತಿದೆಯೋ ಎಂದು ಪೊಟ್ಟಣ ನೋಡಿ ಕೇಳಿ.

ನಾಲ್ಕನೆಯದು, ಭಾಷೆ. ನಮಗೆ ಎರಡೂ ಬರುತ್ತದೆ ಎಂಬುದು ಹೆಮ್ಮೆಯ ವಿಷಯ. ಆದರೆ ಅಂಕಿಯ ಮಾತಿನಲ್ಲಿ ತಡವರಿಸುವವರು ಇದ್ದಾರೆ. ‘ದೀಡ’ ಎಂದರೆ ಒಂದೂವರೆ, ‘ಅಡೀಚ’ ಎಂದರೆ ಎರಡೂವರೆ, ‘ಸವ್ವಾ’ ಎಂದರೆ ಒಂದೂಕಾಲು, ‘ಪಾಊಣ’ ಎಂದರೆ ಮುಕ್ಕಾಲು. ಅಡೀಚಶೇ ರೂಪಾಯಿ ಎಂದರೆ 250. ಹೊಸದಾಗಿ ಆ ಕಡೆಯಿಂದ ಬಂದ ಸೊಸೆಗೆ ಈ ನಾಲ್ಕು ಮಾತನ್ನು ಅತ್ತೆಯೇ ಕಲಿಸಿಕೊಟ್ಟರೆ ಅವಳಿಗೆ ಸಂತೆಯಲ್ಲಿ ಧೈರ್ಯ ಬರುತ್ತದೆ. ಬಿಲ್ಲು ಮರಾಠಿಯಲ್ಲಿ ಇರುತ್ತದೆ ಎಂದು ಓದದೆ ಮಡಚಿ ಇಡಬೇಡಿ. ಮನೆಗೆ ಬಂದು ವಹಿಯ ಜೊತೆ ತಾಳೆ ನೋಡಿ.

ವಾರದ ಸಂತೆಯಲ್ಲಿ ಒಂದು ಗುಟ್ಟಿದೆ. ತಿಂಗಳಿಗೆ ನಾಲ್ಕು ಸಂತೆ ಎಂದು ನಾವು ಹಿಡಿಯುತ್ತೇವೆ. ಆದರೆ ವರುಷಕ್ಕೆ 52 ವಾರ. ಹನ್ನೆರಡು ತಿಂಗಳಿಗೆ ನಾಲ್ಕರಂತೆ 48 ಆಯಿತು. ಉಳಿದ ನಾಲ್ಕು ಸಂತೆ ಎಲ್ಲಿ ಹೋದವು? ಅವು ಐದು ಸಂತೆಯ ತಿಂಗಳುಗಳಲ್ಲಿ ಬರುತ್ತವೆ. ವರುಷದಲ್ಲಿ ನಾಲ್ಕು ತಿಂಗಳು ಹೀಗೆ ಲೆಕ್ಕ ತಪ್ಪುತ್ತದೆ. ಹೆಣ್ಣುಮಗಳು ‘ಈ ತಿಂಗಳ ಯಾಕೋ ಸಾಲವಲ್ದು’ ಎಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ಸಾಲದಿರುವುದು ಅವಳ ತಪ್ಪಲ್ಲ, ಪಂಚಾಂಗದ ಲೆಕ್ಕ. ಸಂತೆಗೆ 300 ರೂಪಾಯಿ ಎಂದರೆ ತಿಂಗಳಿಗೆ 1,200 ಅಲ್ಲ, 1,300 ತೆಗೆದಿಡಬೇಕು.

ಈಗ ಎಲ್ಲವನ್ನೂ ಒಟ್ಟು ಮಾಡೋಣ. ಬರೆದುಕೊಳ್ಳುವವರು ಬರೆದುಕೊಳ್ಳಿ. ದರಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ವರುಷಕ್ಕೆ 240 ಕಿಲೋ ಜೋಳ, ಕಿಲೋಕ್ಕೆ 40ರಂತೆ 9,600. ಬೇಳೆಕಾಳು 54 ಕಿಲೋ, 120ರಂತೆ 6,480. ಮೆಣಸಿನಕಾಯಿ ಏಳು ಕಿಲೋ, 200ರಂತೆ 1,400. ಹುಣಸೆಹಣ್ಣು ಇತ್ಯಾದಿ 520. ಒಟ್ಟು 18,000. ತಿಂಗಳಿಗೆ 1,500. ತಿಂಗಳ ಸಾಮಾನಿಗೆ 1,700. ಸಂತೆಗೆ 1,300. ಹಬ್ಬಕ್ಕೆ, ಬೀಗರಿಗೆ 300. ದರ ಏರಿದಾಗ ಇರಲೆಂದು 200. ಒಟ್ಟು 5,000 ರೂಪಾಯಿ. ಹಾಲು ಮನೆಯದು ಎಂದು ಹಿಡಿದಿದ್ದೇನೆ. ಹಾಲು ಕೊಳ್ಳುವವರು ಅದನ್ನು ಬೇರೆ ಸೇರಿಸಿಕೊಳ್ಳಬೇಕು.

ಹಬ್ಬಕ್ಕೆ ಬೇರೆ ಪಾಲು ಏಕೆ ಎಂದರೆ, ನಮ್ಮ ಬಜೆಟ್ಟು ಮುರಿಯುವುದೇ ಅಲ್ಲಿ. ಪಂಚಮಿಯ ಉಂಡಿ, ದೀಪಾವಳಿಯ ಫರಾಳ, ಎಳ್ಳಮಾವಾಸ್ಯೆಯ ಚರಗ, ಸಂಕ್ರಾಂತಿಗೆ ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆ, ಊರ ಜಾತ್ರೆ. ಇವು ಹೇಳದೆ ಬರುವ ಅತಿಥಿಗಳಲ್ಲ, ಪ್ರತಿ ವರುಷ ಬರುವವು. ತಿಂಗಳಿಗೆ 300ರಂತೆ ಒಂದು ಡಬ್ಬಿಯಲ್ಲಿ ಹಾಕಿದರೆ ವರುಷಕ್ಕೆ 3,600 ಆಗುತ್ತದೆ. ಹಬ್ಬ ಸಾಲವಿಲ್ಲದೆ ಹಬ್ಬವಾಗಿಯೇ ಇರುತ್ತದೆ.

ದರ ಏರುವುದು ನಮ್ಮ ಕೈಯಲ್ಲಿ ಇಲ್ಲ. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಶುರುವಾಯಿತು, ಸೂರ್ಯಕಾಂತಿ ಎಣ್ಣೆ ಏರಿತು. ಅದೇ ವರುಷ ಏಪ್ರಿಲ್ ಕೊನೆಗೆ ಇಂಡೋನೇಶಿಯ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು, ನಮ್ಮ ಊರ ಅಂಗಡಿಯಲ್ಲಿ ಪೊಟ್ಟಣದ ದರ ಏರಿತು. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ, ಅದಕ್ಕೇ ಹೀಗೆ. 2019ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ, 2023ರ ಜುಲೈಯಲ್ಲಿ ಟೊಮೆಟೊ ಕಿಲೋಕ್ಕೆ ನೂರು ದಾಟಿದವು. ಇಂಥ ಹೊತ್ತಿನಲ್ಲಿ ಒಂದು ನಿಯಮ ಮಾಡಿಕೊಳ್ಳಿ. ಆ ವಸ್ತುವಿಗೆ ಇಟ್ಟ ದುಡ್ಡನ್ನು ಏರಿಸಬೇಡಿ, ವಸ್ತುವನ್ನು ಬದಲಿಸಿ. ಟೊಮೆಟೊ ಬದಲು ಹುಣಸೆಹಣ್ಣು. ಉಳ್ಳಾಗಡ್ಡಿಯಲ್ಲಿ, ಮಳೆಗಾಲದ ಬೆಳೆ ಇಟ್ಟರೆ ಕೊಳೆಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕಿತ್ತ ಬೇಸಿಗೆಯ ಗಡ್ಡೆ ಗಾಳಿಯಾಡುವ ಜಾಗದಲ್ಲಿ ನಾಲ್ಕೈದು ತಿಂಗಳು ನಿಲ್ಲುತ್ತದೆ. ಇಡುವುದಾದರೆ ಅದನ್ನೇ ಇಡಿ.

ದುಡ್ಡು ಸೋರುವ ಸಣ್ಣ ತೂತುಗಳನ್ನೂ ನೋಡಬೇಕು. ಇಬ್ಬರು ಮಕ್ಕಳಿಗೆ ದಿನಕ್ಕೊಂದು ಐದು ರೂಪಾಯಿಯ ಕುರುಕಲು ಪೊಟ್ಟಣ ಎಂದರೆ ತಿಂಗಳಿಗೆ 300 ರೂಪಾಯಿ. ಅದೇ 300ಕ್ಕೆ ಎರಡು ಕಿಲೋ ಶೇಂಗಾ ಬಂದು, ಬೆಲ್ಲವೂ ಬರುತ್ತದೆ. ಮಕ್ಕಳ ಬಾಯಿಗೆ ಹಿತ, ಮೈಗೆ ಬಲ. ಗಂಡಸರ ಹೊರಗಿನ ಚಹಾ, ತಂಬಾಕು, ಎಲೆಯಡಿಕೆಯ ಖರ್ಚೂ ಅದೇ ವಹಿಯಲ್ಲಿ ಬರಲಿ. ಹೆಂಗಸಿನ ಉಪ್ಪು ಸಾಸಿವೆಗೆ ಲೆಕ್ಕ ಕೇಳಿ, ಗಂಡಸಿನ ಕಟ್ಟೆಯ ಖರ್ಚಿಗೆ ಲೆಕ್ಕ ಇಲ್ಲವೆಂದರೆ ಆ ವಹಿ ಹೆಚ್ಚು ದಿನ ನಡೆಯುವುದಿಲ್ಲ. ಅಣ್ಣಂದಿರು ಈ ಮಾತಿಗೆ ಸಿಟ್ಟಾಗಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ತಿಂಗಳ ಕೊನೆಗೆ ಬಜೆಟ್ಟು ಉಳಿಯಿತು, ಬಹಳ ಸಂತೋಷ. ಆದರೆ ಯಾರ ತಾಟಿನಿಂದ ಉಳಿಯಿತು? ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವಳು ಅಡುಗೆ ಮಾಡಿದವಳೇ. ಬೇಳೆ ಸಾಲದಿದ್ದರೆ ಅವಳು ಖಾರ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಾಳೆ, ಹಾಲು ಸಾಲದಿದ್ದರೆ ತನ್ನ ಚಹಾ ಕಪ್ಪು ಮಾಡಿಕೊಳ್ಳುತ್ತಾಳೆ. ಆ ಉಳಿತಾಯ ಯಾವ ವಹಿಯಲ್ಲೂ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ ಇರುವುದು ಕಂಡುಬಂತು. ಅವಳು ಹಾಸಿಗೆ ಹಿಡಿದರೆ ದವಾಖಾನೆಗೆ ಹೋಗುವ ದುಡ್ಡು, ತಪ್ಪಿಹೋಗುವ ಕೂಲಿ, ಇವು ವರುಷದ ಉಳಿತಾಯವನ್ನು ಒಂದೇ ವಾರದಲ್ಲಿ ನುಂಗುತ್ತವೆ.

ಆದ್ದರಿಂದ ಕಡಿಮೆ ಮಾಡುವಾಗ ಒಂದು ಕ್ರಮ ಇರಲಿ. ಮೊದಲು ಕಡಿಮೆಯಾಗಬೇಕಾದದ್ದು ಪೊಟ್ಟಣದ ತಿಂಡಿ, ಸಕ್ಕರೆ, ಎಣ್ಣೆ. ಕೊನೆಯವರೆಗೂ ಮುಟ್ಟಬಾರದ್ದು ಬೇಳೆಕಾಳು, ಸೊಪ್ಪು, ಮಕ್ಕಳ ಹಾಲು. ತೊಗರಿ ದುಬಾರಿಯಾದರೆ ಹುರಳಿ ಇದೆ, ಮಡಿಕೆ ಇದೆ, ಹೆಸರು ಇದೆ. ಮೊಳಕೆ ಬರಿಸಿದರೆ ಒಂದು ಹಿಡಿ ಕಾಳು ಎರಡು ಹಿಡಿಯಾಗುತ್ತದೆ. ಮನೆಯ ಹಿಂದೆ ಬಚ್ಚಲ ನೀರಿಗೆ ನಾಲ್ಕು ನುಗ್ಗೆ, ಚವಳಿ, ಹೀರೇಬಳ್ಳಿ ಹಾಕಿದರೆ ಸಂತೆಯ ಚೀಲ ಅಷ್ಟು ಹಗುರ. ಮತ್ತು ವಾರದಲ್ಲಿ ಒಂದು ಹೊತ್ತಾದರೂ ಎಲ್ಲರೂ ಕೂಡಿ ಕುಳಿತು ಉಣ್ಣಿರಿ. ಸಾರು ಯಾರಿಗೆ ಎಷ್ಟು ಬಂತು ಎಂಬುದು ಎಲ್ಲರ ಕಣ್ಣಿಗೆ ಬೀಳಲಿ.

ಹಳೆಯ ಉದ್ರಿ ಇರುವವರು ಏನು ಮಾಡಬೇಕು? ಒಂದೇ ಸಲ ತೀರಿಸುತ್ತೇನೆಂದು ಹೊರಟರೆ ಕೈ ಬರಿದಾಗಿ ಮತ್ತೆ ಉದ್ರಿಗೇ ಬರುತ್ತೀರಿ. ಅಂಗಡಿಯವರ ಹತ್ತಿರ ಕುಳಿತು ಮಾತಾಡಿ. “ಸಾವಕಾರ, ಹಳೆ ಬಾಕಿ ಇಲ್ಲಿಗೇ ನಿಲ್ಲಿಸ್ರಿ. ಇನ್ನ ಮುಂದ ಸಾಮಾನು ರೋಖು ಒಯ್ತೀನಿ. ಬಾಕಿ ತಿಂಗಳಾ ಇಷ್ಟಿಷ್ಟು ಮುಟ್ಟಸ್ತೀನಿ” ಎನ್ನಿ. ರೋಖು ಗಿರಾಕಿ ಯಾರಿಗೆ ಬೇಡ? ಬಾಕಿಯ ಅಂಕಿಯನ್ನು ನಿಮ್ಮ ವಹಿಯಲ್ಲೂ ಬರೆದುಕೊಳ್ಳಿ, ಕೊಟ್ಟಾಗಲೆಲ್ಲ ಅವರ ಸಹಿ ಹಾಕಿಸಿಕೊಳ್ಳಿ. ಬಚತ ಗಟದಿಂದ ಸಾಲ ತೆಗೆದು ಉದ್ರಿ ತೀರಿಸುವವರು ಗಟದ ಬಡ್ಡಿಯನ್ನು ಮೊದಲು ಲೆಕ್ಕ ಹಾಕಿ. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರುಷಕ್ಕೆ 24 ಆಗುತ್ತದೆ. ಸಾಲಕ್ಕಿಂತ ಹೆಚ್ಚಿನ ಲಾಭ ಗಟದ ಇನ್ನೊಂದು ಕೆಲಸದಲ್ಲಿದೆ. ಹತ್ತು ಮನೆಯವರು ಕೂಡಿ ಹದಿನೈದು ಕಿಲೋದ ಎಣ್ಣೆಯ ಡಬ್ಬ, ಐವತ್ತು ಕಿಲೋದ ಸಕ್ಕರೆಯ ಚೀಲ ಠೋಕ ದರದಲ್ಲಿ ತಂದು ಹಂಚಿಕೊಳ್ಳಬಹುದು. ತಕ್ಕಡಿ ಒಂದಿದ್ದರೆ ಸಾಕು, ನಂಬಿಕೆ ಇದ್ದೇ ಇದೆ.

ಈ ತಿಂಗಳು ಬರೆಯಲು ಪ್ರಾರಂಭಿಸಿ. ಮುಂದಿನ ತಿಂಗಳು ಯಾದಿ ಮಾಡಿ. ಮೂರನೆಯ ತಿಂಗಳು ಒಂದೇ ಒಂದು ಸಾಮಾನನ್ನು, ಎಣ್ಣೆಯನ್ನೋ ಸಕ್ಕರೆಯನ್ನೋ, ರೋಖಿನಲ್ಲಿ ತನ್ನಿ. ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿಲ್ಲವೇ? ಒಂದು ವರುಷ ತಪ್ಪದೆ ಬರೆದ ವಹಿ ನಿಮ್ಮ ಕೈಯಲ್ಲಿದ್ದರೆ, ಮುಂದಿನ ವರುಷ ತೊಗರಿ ಮಾರುವ ಮೊದಲು ಮನೆಗೆ ಎಷ್ಟು ಇಟ್ಟುಕೊಳ್ಳಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.